ರೆಟ್ರೋಶೀಟ್

ರೆಟ್ರೋಶೀಟ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ, ಲಾಭದ ಉದ್ದೇಶವಿಲ್ಲದ ಒಂದು ಸ್ವಯಂಸೇವಾ ಸಂಸ್ಥೆ. ಮೇಜರ್ ಲೀಗ್ ಬೇಸ್‌ಬಾಲ್‌ನ ಹಳೆಯ ಪಂದ್ಯಗಳ ವಿವರಗಳನ್ನು ಕಲೆಹಾಕಿ, ಪರಿಶೀಲಿಸಿ, ಗಣಕ ಕಡತಗಳ ರೂಪದಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಒದಗಿಸುವುದು ಇದರ ಕಾರ್ಯ. ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಡಬ್ಲ್ಯೂ. ಸ್ಮಿತ್ ಅವರು 1989ರಲ್ಲಿ ಈ ಕೆಲಸವನ್ನು ಆರಂಭಿಸಿದರು. 1994ರಲ್ಲಿ ಇದು ವಿಧ್ಯುಕ್ತ ಸಂಸ್ಥೆಯಾಗಿ ನೋಂದಣಿಯಾಯಿತು.

ಪಂದ್ಯದ ಅಂತಿಮ ಫಲಿತಾಂಶವನ್ನಾಗಲಿ, ಆಟಗಾರರ ಒಟ್ಟು ಮೊತ್ತಗಳನ್ನಾಗಲಿ ಸಂಗ್ರಹಿಸುವುದು ರೆಟ್ರೋಶೀಟ್‌ನ ಮೂಲ ಗುರಿಯಲ್ಲ. ಪ್ರತಿಯೊಬ್ಬ ಬ್ಯಾಟರ್ ಆಡಲು ಬಂದಾಗ ಏನು ನಡೆಯಿತು ಎಂಬುದನ್ನು ಕ್ರಮವಾಗಿ ತಿಳಿಸುವ ಘಟನಾವಾರು ದಾಖಲೆಯನ್ನು ಉಳಿಸುವುದೇ ಅದರ ಉದ್ದೇಶ. ಇಂತಹ ದಾಖಲೆ ಇದ್ದರೆ ಪುಸ್ತಕಗಳಲ್ಲಿ ಅಚ್ಚಾದ ಮೊತ್ತಗಳು ಸರಿಯೇ ತಪ್ಪೇ ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ದಾಖಲೆ ಇಲ್ಲವಾದರೆ ಆ ಮೊತ್ತಗಳನ್ನು ನಂಬುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಹಿನ್ನೆಲೆ

ಬೇಸ್‌ಬಾಲ್ ಪಂದ್ಯವು ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್‌ಗಳದ್ದು. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಗಳು ಒಂದೊಂದು ಬಾರಿ ಬ್ಯಾಟ್ ಮಾಡುತ್ತವೆ. ಮೂವರು ಔಟಾದೊಡನೆ ತಂಡದ ಸರದಿ ಮುಗಿಯುತ್ತದೆ. ಬ್ಯಾಟರ್ ಆದವನು ಮೂರು ಬೇಸುಗಳನ್ನು ಕ್ರಮವಾಗಿ ಮುಟ್ಟಿ ಹೋಮ್ ಪ್ಲೇಟ್‌ಗೆ ಮರಳಿದರೆ ತಂಡಕ್ಕೆ ಒಂದು ರನ್ ದೊರೆಯುತ್ತದೆ. ಒಂಬತ್ತು ಬ್ಯಾಟರ್‌ಗಳು ನಿಗದಿತ ಕ್ರಮದಲ್ಲಿ ಬರುತ್ತಾರೆ. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನ ಸರದಿ ಬರುತ್ತದೆ.

ಈ ಆಟವನ್ನು ಬರಹದಲ್ಲಿ ದಾಖಲಿಸುವ ಪದ್ಧತಿಗೆ ಕ್ರಿಕೆಟ್‌ನೊಡನೆ ನೇರ ಸಂಬಂಧವಿದೆ. ಬೇಸ್‌ಬಾಲ್ ದಾಖಲೆಯ ಪ್ರವರ್ತಕರೆಂದು ಹೆಸರಾದ ಹೆನ್ರಿ ಚಾಡ್ವಿಕ್ (1824–1908) ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕ್ ಪ್ರದೇಶದ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿಗಳನ್ನು ಬರೆಯುತ್ತಿದ್ದ ಅವರು ಅನಂತರ ಬೇಸ್‌ಬಾಲ್‌ನತ್ತ ತಿರುಗಿದರು. ಕ್ರಿಕೆಟ್‌ನ ಸ್ಕೋರ್‌ಕಾರ್ಡನ್ನು ಹೋಲುವ 'ಬಾಕ್ಸ್ ಸ್ಕೋರ್' ಎಂಬ ಸಂಕ್ಷಿಪ್ತ ಕೋಷ್ಟಕವನ್ನು ಬೆಳೆಸಿ ಜನಪ್ರಿಯಗೊಳಿಸಿದ ಶ್ರೇಯಸ್ಸು ಅವರದು. ಬ್ಯಾಟರ್ ಚೆಂಡನ್ನು ಹೊಡೆಯಲಾಗದೆ ಔಟಾಗುವ 'ಸ್ಟ್ರೈಕ್‌ಔಟ್'ಗೆ ಇಂದಿಗೂ ಬಳಕೆಯಲ್ಲಿರುವ 'ಕೆ' ಎಂಬ ಗುರುತೂ ಅವರ ಕಾಲದ್ದು. ಇಂಗ್ಲಿಷಿನ 'ಸ್ಟ್ರಕ್' ಎಂಬ ಪದದ ಕೊನೆಯ ಅಕ್ಷರವನ್ನು ಅದಕ್ಕೆ ಆರಿಸಿಕೊಳ್ಳಲಾಗಿತ್ತು.

ಮೈದಾನದಲ್ಲಿ ಕುಳಿತು ಪಂದ್ಯವನ್ನು ದಾಖಲಿಸುವವರು ಬಳಸುವ ಹಾಳೆಗೆ ಸ್ಕೋರ್‌ಶೀಟ್ ಎಂದು ಹೆಸರು. ಇದರಲ್ಲಿ ಪ್ರತಿಯೊಬ್ಬ ಬ್ಯಾಟರ್‌ಗೆ ಒಂದು ಸಾಲು, ಪ್ರತಿ ಇನ್ನಿಂಗ್ಸ್‌ಗೆ ಒಂದು ಅಂಕಣ ಇರುತ್ತದೆ. ಫೀಲ್ಡರ್‌ಗಳನ್ನು ಅಂಕಿಗಳಿಂದ ಗುರುತಿಸಲಾಗುತ್ತದೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್‌ನವನು 3, ಎರಡನೆಯ ಬೇಸ್‌ನವನು 4, ಮೂರನೆಯ ಬೇಸ್‌ನವನು 5, ಶಾರ್ಟ್‌ಸ್ಟಾಪ್ 6, ಹೊರ ಮೈದಾನದ ಎಡ, ನಡು ಮತ್ತು ಬಲಭಾಗದವರು ಕ್ರಮವಾಗಿ 7, 8 ಮತ್ತು 9. ಒಂದು ಚೌಕದಲ್ಲಿ '6-4-3' ಎಂದು ಬರೆದಿದ್ದರೆ, ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಎರಡನೆಯ ಬೇಸ್‌ನವನಿಗೆ ಎಸೆದ, ಅವನು ಮೊದಲ ಬೇಸ್‌ನವನಿಗೆ ಎಸೆದ ಎಂದು ಅರ್ಥ. ಒಂದೇ ಹೊಡೆತದಲ್ಲಿ ಇಬ್ಬರು ಔಟಾಗುವ 'ಡಬಲ್ ಪ್ಲೇ'ಯ ಸುಪರಿಚಿತ ರೂಪವಿದು.

ಬಾಕ್ಸ್ ಸ್ಕೋರ್‌ನ ಮಿತಿ

ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದ ಬಾಕ್ಸ್ ಸ್ಕೋರ್‌ನಿಂದ ಪಂದ್ಯದ ಸಾರಾಂಶ ತಿಳಿಯುತ್ತದೆ. ಒಬ್ಬ ಬ್ಯಾಟರ್ ನಾಲ್ಕು ಸರದಿಗಳಲ್ಲಿ ಎರಡು ಹಿಟ್‌ಗಳನ್ನು ಪಡೆದನೆಂಬುದು ಅದರಲ್ಲಿ ಇರುತ್ತದೆ. ಆದರೆ ಆ ಹಿಟ್‌ಗಳು ಯಾವ ಇನ್ನಿಂಗ್ಸ್‌ನಲ್ಲಿ ಬಂದವು, ಯಾವ ಪಿಚರ್‌ನ ಎಸೆತಕ್ಕೆ ಬಂದವು, ಆಗ ಬೇಸುಗಳಲ್ಲಿ ಯಾರಿದ್ದರು, ಎಷ್ಟು ಮಂದಿ ಔಟಾಗಿದ್ದರು ಎಂಬುದು ತಿಳಿಯುವುದಿಲ್ಲ. ಕ್ರಿಕೆಟ್‌ನ ಸ್ಕೋರ್‌ಕಾರ್ಡಿಗೂ ಎಸೆತವಾರು ವಿವರಕ್ಕೂ ಇರುವ ವ್ಯತ್ಯಾಸದಂತೆಯೇ ಇದು.

ಲೀಗುಗಳ ಅಧಿಕೃತ ದಾಖಲೆಗಳೂ ಬಹುಮಟ್ಟಿಗೆ ಇದೇ ಬಗೆಯವು. ಪ್ರತಿಯೊಬ್ಬ ಆಟಗಾರನ ದಿನದಿನದ ಮೊತ್ತಗಳನ್ನು ಕೈಬರಹದಲ್ಲಿ ಒಂದು ಹಾಳೆಗೆ ಇಳಿಸಿ, ಋತುವಿನ ಕೊನೆಯಲ್ಲಿ ಕೂಡಿಸುತ್ತಿದ್ದರು. ಒಂದು ಪಂದ್ಯ ಎರಡು ಬಾರಿ ದಾಖಲಾದರೆ, ಒಬ್ಬನ ಲೆಕ್ಕ ಇನ್ನೊಬ್ಬನ ಸಾಲಿಗೆ ಹೋದರೆ ಅಥವಾ ಕೂಡುವಾಗ ತಪ್ಪಾದರೆ ಅದು ಹಾಗೆಯೇ ಪುಸ್ತಕಗಳಿಗೆ ಸೇರುತ್ತಿತ್ತು. ಘಟನಾವಾರು ವಿವರವಿದ್ದ ಸ್ಕೋರ್‌ಶೀಟ್‌ಗಳನ್ನು ಕಾಯ್ದಿಡಬೇಕೆಂಬ ಕಟ್ಟುಪಾಡು ಇರಲಿಲ್ಲ. ಅವು ತಂಡಗಳ ಕಚೇರಿ, ವರದಿಗಾರರ ಮನೆ, ಅಭಿಮಾನಿಗಳ ಪೆಟ್ಟಿಗೆ ಹೀಗೆ ಹಲವೆಡೆ ಚದುರಿದ್ದವು. ತಂಡವು ಊರು ಬದಲಿಸಿದಾಗ, ಕಚೇರಿ ಸ್ಥಳಾಂತರವಾದಾಗ ಅಥವಾ ಇಟ್ಟುಕೊಂಡವರು ತೀರಿಕೊಂಡಾಗ ಇಂತಹ ಕಾಗದಗಳು ಕಸವಾಗಿ ಹೋಗುವ ಸಂಭವ ಹೆಚ್ಚಾಗಿತ್ತು.

ಪ್ರಾಜೆಕ್ಟ್ ಸ್ಕೋರ್‌ಶೀಟ್

ರೆಟ್ರೋಶೀಟ್‌ಗೆ ನೇರ ಪೂರ್ವಸೂರಿಯೆಂದರೆ 'ಪ್ರಾಜೆಕ್ಟ್ ಸ್ಕೋರ್‌ಶೀಟ್'. ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಣೆಗೆ ಹೊಸ ದಿಕ್ಕು ನೀಡಿದ ಲೇಖಕ ಬಿಲ್ ಜೇಮ್ಸ್ 1984ರಲ್ಲಿ ಇದಕ್ಕೆ ಕರೆ ನೀಡಿದರು. ಮೇಜರ್ ಲೀಗುಗಳ ಅಂಕಿಅಂಶಗಳ ಹೊಣೆ ಹೊತ್ತಿದ್ದ ಇಲಾಯಸ್ ಸ್ಪೋರ್ಟ್ಸ್ ಬ್ಯೂರೋ ಘಟನಾವಾರು ವಿವರಗಳನ್ನು ಸಾರ್ವಜನಿಕರಿಗೆ ಮುಕ್ತವಾಗಿ ನೀಡುತ್ತಿರಲಿಲ್ಲ. ಹೀಗಾಗಿ, ಎಲ್ಲರ ಕಣ್ಣೆದುರು ನಡೆಯುವ ಪಂದ್ಯವನ್ನು ಅಭಿಮಾನಿಗಳೇ ದಾಖಲಿಸಿ ಹಂಚಿಕೊಳ್ಳಬೇಕೆಂಬುದು ಜೇಮ್ಸ್ ಅವರ ಸಲಹೆಯಾಗಿತ್ತು.

ಈ ಕರೆಗೆ ಓಗೊಟ್ಟ ಸ್ವಯಂಸೇವಕರು ಮೈದಾನದಲ್ಲಿ, ದೂರದರ್ಶನದ ಎದುರು ಅಥವಾ ರೇಡಿಯೊ ಕೇಳುತ್ತ ಪ್ರತಿ ಪಂದ್ಯದ ಸ್ಕೋರ್‌ಶೀಟ್ ತುಂಬತೊಡಗಿದರು. ಎಲ್ಲರೂ ಒಂದೇ ರೀತಿಯಲ್ಲಿ ಬರೆಯುವಂತೆ ಹೊಸ ಸಂಕೇತ ಪದ್ಧತಿಯೊಂದನ್ನು ರೂಪಿಸಲಾಯಿತು. ಚೆಂಡು ಮೈದಾನದ ಯಾವ ಭಾಗಕ್ಕೆ ಹೋಯಿತೆಂಬುದನ್ನೂ ಇದರಲ್ಲಿ ಸೂಚಿಸಬಹುದಾಗಿತ್ತು. ಹೀಗೆ 1984ರಿಂದ ಮುಂದಿನ ಪಂದ್ಯಗಳಿಗೆ ದಾಖಲೆಯ ವ್ಯವಸ್ಥೆಯಾಯಿತು. ಅದಕ್ಕೂ ಹಿಂದಿನ ಪಂದ್ಯಗಳ ಗತಿಯೇನು ಎಂಬ ಪ್ರಶ್ನೆ ಉಳಿಯಿತು. 1901ರಿಂದ 1983ರವರೆಗೆ ನಡೆದ ಮೇಜರ್ ಲೀಗ್ ಪಂದ್ಯಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ.

ಸ್ಥಾಪನೆ ಮತ್ತು ಬೆಳವಣಿಗೆ

ಪ್ರಾಜೆಕ್ಟ್ ಸ್ಕೋರ್‌ಶೀಟ್‌ನ ಕೆಲಸವನ್ನು ಹಿಂದಿನ ಕಾಲಕ್ಕೆ ವಿಸ್ತರಿಸುವ ಸಲುವಾಗಿ ಸ್ಮಿತ್ 1989ರಲ್ಲಿ ರೆಟ್ರೋಶೀಟ್ ಅನ್ನು ಆರಂಭಿಸಿದರು. ಹಿಂದಿನದು ಎಂಬ ಅರ್ಥದ 'ರೆಟ್ರೋ' ಎಂಬ ಪೂರ್ವಪದವನ್ನು ಸ್ಕೋರ್‌ಶೀಟ್ ಎಂಬುದರೊಡನೆ ಸೇರಿಸಿ ಈ ಹೆಸರನ್ನು ಇಡಲಾಗಿದೆ.

ಮೊದಲ ಕೆಲಸವೆಂದರೆ ಹಳೆಯ ಸ್ಕೋರ್‌ಶೀಟ್‌ಗಳು ಎಲ್ಲೆಲ್ಲಿ ಉಳಿದಿವೆಯೆಂದು ಪತ್ತೆಹಚ್ಚುವುದು. ಸ್ಮಿತ್ ಮೇಜರ್ ಲೀಗ್ ತಂಡಗಳನ್ನು ಸಂಪರ್ಕಿಸಿ, ಕಚೇರಿಯಲ್ಲಿದ್ದ ಸ್ಕೋರ್‌ಶೀಟ್‌ಗಳ ನಕಲು ಪಡೆಯಲು ಅನುಮತಿ ಕೋರಿದರು. ಮೊದಲು ಒಪ್ಪಿಗೆ ನೀಡಿದ ತಂಡ ಬಾಲ್ಟಿಮೋರ್ ಓರಿಯೋಲ್ಸ್. ಪ್ರತಿ ಪಂದ್ಯದಲ್ಲಿ ಎರಡು ತಂಡಗಳು ಇರುವುದರಿಂದ, ಒಂದು ತಂಡದ ಸಂಗ್ರಹ ದೊರೆತರೆ ಅದು ಎದುರಾಳಿಗಳ ಪಂದ್ಯಗಳಿಗೂ ದಾಖಲೆಯಾಗುತ್ತದೆ. ಒಂದೇ ಪಂದ್ಯಕ್ಕೆ ಎರಡೂ ತಂಡಗಳ ಹಾಳೆಗಳು ಸಿಕ್ಕಿದರೆ ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಬಹುದು.

ಸಂಸ್ಥೆಯಲ್ಲಿ ಸಂಬಳದ ನೌಕರರಿಲ್ಲ. ಹಾಳೆಗಳನ್ನು ಹುಡುಕುವವರು, ನಕಲು ತೆಗೆಯುವವರು, ಗಣಕಕ್ಕೆ ಸೇರಿಸುವವರು, ತಪ್ಪು ತಿದ್ದುವವರು ಮತ್ತು ತಂತ್ರಾಂಶ ಬರೆಯುವವರು ಎಲ್ಲರೂ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು. ಇವರಲ್ಲಿ ಅನೇಕರು ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘದ ಸದಸ್ಯರು. 'ಸೇಬರ್' ಎಂಬ ಸಂಕ್ಷಿಪ್ತ ಹೆಸರಿನ ಆ ಸಂಘ 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಸ್ಥಾಪನೆಯಾಯಿತು. ಬೇಸ್‌ಬಾಲ್ ಅಂಕಿಅಂಶಗಳ ಶಾಸ್ತ್ರೀಯ ಅಧ್ಯಯನಕ್ಕೆ 'ಸೇಬರ್‌ಮೆಟ್ರಿಕ್ಸ್' ಎಂಬ ಹೆಸರು ಬಂದದ್ದು ಈ ಸಂಘದಿಂದಲೇ.

ಆಕರಗಳು

ರೆಟ್ರೋಶೀಟ್ ಬಳಸುವ ಆಕರಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ತಂಡಗಳ ಸ್ಕೋರ್‌ಶೀಟ್‌ಗಳು: ತಂಡಗಳ ಪ್ರಚಾರ ವಿಭಾಗದವರು ಅಥವಾ ಅಂಕಿಅಂಶ ತಜ್ಞರು ಬರೆದಿಟ್ಟವು. ಇವುಗಳಲ್ಲಿ ಅಲನ್ ರಾತ್ ಅವರ ಹಾಳೆಗಳು ವಿಶೇಷವಾದವು. 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಅವರು ರಾತ್ ಅವರನ್ನು ಪೂರ್ಣಾವಧಿ ಅಂಕಿಅಂಶ ತಜ್ಞರನ್ನಾಗಿ ನೇಮಿಸಿಕೊಂಡರು. ತಂಡವು ಲಾಸ್ ಏಂಜಲೀಸ್‌ಗೆ ಸ್ಥಳಾಂತರವಾದ ಬಳಿಕವೂ ಮುಂದುವರಿದ ಅವರು 1964ರವರೆಗೆ ಡಾಡ್ಜರ್ಸ್ ಪಂದ್ಯಗಳನ್ನು ದಾಖಲಿಸಿದರು. ಪ್ರತಿಯೊಂದು ಎಸೆತವನ್ನೂ ಗುರುತು ಹಾಕಿದ್ದ ಅವರ ಹಾಳೆಗಳಿಂದಾಗಿ, ಇತರ ತಂಡಗಳಿಗೆ ಎಸೆತವಾರು ವಿವರವೇ ಇಲ್ಲದ ಕಾಲದಲ್ಲೂ ಡಾಡ್ಜರ್ಸ್ ಪಂದ್ಯಗಳಿಗೆ ಅದು ಲಭ್ಯವಾಗಿದೆ.

ವರದಿಗಾರರ ಮತ್ತು ಪ್ರಸಾರಕರ ಪುಸ್ತಕಗಳು: ಪತ್ರಿಕಾ ವರದಿಗಾರರು ವರದಿ ಬರೆಯಲು, ರೇಡಿಯೊ ವೀಕ್ಷಕ ವಿವರಣೆಗಾರರು ವಿವರಣೆ ನೀಡಲು ಬಳಸಿದ ಸ್ವಂತ ಸ್ಕೋರ್ ಪುಸ್ತಕಗಳು.

ಪತ್ರಿಕೆಗಳು: ಹಿಂದೆ ಬಹುತೇಕ ಪಂದ್ಯಗಳು ಹಗಲಿನಲ್ಲಿ ನಡೆಯುತ್ತಿದ್ದವು. ಸಂಜೆಯ ಪತ್ರಿಕೆಗಳು ಅಂದೇ ಓದುಗರ ಕೈ ಸೇರಬೇಕಾಗಿದ್ದರಿಂದ ಪಂದ್ಯದ ವಿವರಗಳನ್ನು ಇನ್ನಿಂಗ್ಸ್‌ವಾರು, ಬ್ಯಾಟರ್‌ವಾರು ಮುದ್ರಿಸುವುದುಂಟು. ಗ್ರಂಥಾಲಯಗಳಲ್ಲಿ ಮೈಕ್ರೋಫಿಲ್ಮ್ ರೂಪದಲ್ಲಿರುವ ಈ ಪುಟಗಳು, ಸ್ಕೋರ್‌ಶೀಟ್ ಉಳಿಯದ ಅನೇಕ ಪಂದ್ಯಗಳಿಗೆ ಆಧಾರವಾಗಿವೆ.

ಅಭಿಮಾನಿಗಳ ಹಾಳೆಗಳು: ಮೈದಾನದಲ್ಲಿ ಮಾರುವ ಕಾರ್ಯಕ್ರಮ ಪುಸ್ತಿಕೆಯಲ್ಲಿ ಖಾಲಿ ಸ್ಕೋರ್‌ಕಾರ್ಡ್ ಇರುತ್ತದೆ. ಪ್ರೇಕ್ಷಕರು ಪೆನ್ಸಿಲಿನಿಂದ ಅದನ್ನು ತುಂಬುವುದು ಅಮೆರಿಕದಲ್ಲಿ ಹಳೆಯ ರೂಢಿ. ಇಂತಹ ಹಾಳೆಗಳನ್ನು ಹಲವರು ಸಂಸ್ಥೆಗೆ ಒದಗಿಸಿದ್ದಾರೆ.

ಗಣಕೀಕರಣದ ಕ್ರಮ

ಸ್ಕೋರ್‌ಶೀಟ್ ದೊರೆತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರತಿಯೊಬ್ಬ ದಾಖಲೆಗಾರನದೂ ತನ್ನದೇ ಆದ ಸಂಕೇತ ಲಿಪಿ. ಕೆಲವರು ರನ್ನನ್ನು ಚುಕ್ಕಿಯಿಂದ, ಕೆಲವರು ತುಂಬಿದ ಚೌಕದಿಂದ ತೋರಿಸುತ್ತಾರೆ. ಕೆಲವರು ಮೊದಲ ಬೇಸ್‌ನಲ್ಲಾದ ಮಾಮೂಲಿ ಔಟಿಗೆ ಚೆಂಡು ಹಿಡಿದವನ ಅಂಕಿಯನ್ನಷ್ಟೇ ಬರೆಯುತ್ತಾರೆ. ಆದ್ದರಿಂದ ಸ್ವಯಂಸೇವಕರು ಮೊದಲು ಆ ವ್ಯಕ್ತಿಯ ಪದ್ಧತಿಯನ್ನು ಅರಿತುಕೊಂಡು, ಬಳಿಕ ಪಂದ್ಯವನ್ನು ಏಕರೂಪದ ಸಂಕೇತಗಳಿಗೆ ಪರಿವರ್ತಿಸುತ್ತಾರೆ. ಈ ಸಂಕೇತಗಳು ಪ್ರಾಜೆಕ್ಟ್ ಸ್ಕೋರ್‌ಶೀಟ್‌ನ ಪದ್ಧತಿಯನ್ನು ಆಧರಿಸಿವೆ.

ಪ್ರತಿ ಪಂದ್ಯಕ್ಕೂ ಒಂದು ಗುರುತು ಸಂಕೇತವಿದೆ. ಅದರಲ್ಲಿ ಆತಿಥೇಯ ತಂಡವನ್ನು ಸೂಚಿಸುವ ಮೂರು ಅಕ್ಷರಗಳು, ದಿನಾಂಕ ಮತ್ತು ಕೊನೆಯಲ್ಲಿ ಒಂದು ಅಂಕಿ ಇರುತ್ತದೆ. ಆ ದಿನ ಒಂದೇ ಪಂದ್ಯ ನಡೆದಿದ್ದರೆ ಅದು 0. ಒಂದೇ ದಿನ ಅದೇ ಎರಡು ತಂಡಗಳ ನಡುವೆ ಎರಡು ಪಂದ್ಯಗಳು ನಡೆದಿದ್ದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 2. ಆಟಗಾರರಿಗೂ ಇಂತಹ ಸಂಕೇತವಿದೆ: ಕುಲನಾಮದ ಮೊದಲ ನಾಲ್ಕು ಅಕ್ಷರಗಳು, ಸ್ವಂತ ಹೆಸರಿನ ಮೊದಲ ಅಕ್ಷರ ಮತ್ತು ಮೂರು ಅಂಕಿಗಳು. ಒಂದೇ ಹೆಸರಿನ ಇಬ್ಬರು ಆಟಗಾರರ ಲೆಕ್ಕ ಬೆರೆಯದಂತೆ ಇದು ತಡೆಯುತ್ತದೆ.

ಕಡತದ ಆರಂಭದಲ್ಲಿ ಮೈದಾನ, ಅಂಪೈರ್‌ಗಳು, ಪ್ರೇಕ್ಷಕರ ಸಂಖ್ಯೆ ಮುಂತಾದ ಮಾಹಿತಿ ಇರುತ್ತದೆ. ಆಮೇಲೆ ಎರಡೂ ತಂಡಗಳ ಆರಂಭಿಕ ಆಟಗಾರರ ಪಟ್ಟಿ, ಅದರ ನಂತರ ಒಂದೊಂದು ಘಟನೆಗೆ ಒಂದೊಂದು ಸಾಲು. ಆಟಗಾರ ಬದಲಾದರೆ ಅದಕ್ಕೂ ಪ್ರತ್ಯೇಕ ಸಾಲಿದೆ. ಹೀಗೆ ಸಿದ್ಧವಾದ ಕಡತವನ್ನು ತಂತ್ರಾಂಶವು ಮೊದಲಿನಿಂದ ಓದುತ್ತ ಪಂದ್ಯವನ್ನು ಮತ್ತೆ ಆಡಿಸಿ ನೋಡುತ್ತದೆ. ಬೇಸ್‌ನಲ್ಲಿ ಇಲ್ಲದ ಆಟಗಾರ ರನ್ ಗಳಿಸಿದಂತೆ ಬರೆದಿದ್ದರೆ ಅಥವಾ ಮೂವರು ಔಟಾದ ಮೇಲೂ ಇನ್ನಿಂಗ್ಸ್ ಮುಂದುವರಿದಿದ್ದರೆ ಅಲ್ಲಿ ತಪ್ಪಿದೆಯೆಂದು ತಿಳಿಯುತ್ತದೆ. ಕೊನೆಗೆ ಕಡತದಿಂದ ಬಂದ ಮೊತ್ತಗಳನ್ನು ಲೀಗಿನ ಅಧಿಕೃತ ದಿನವಾರು ದಾಖಲೆಗಳೊಡನೆ ಹೋಲಿಸಲಾಗುತ್ತದೆ.

ಪುನಾರಚಿತ ಪಂದ್ಯಗಳು

ಘಟನಾವಾರು ದಾಖಲೆ ಎಲ್ಲಿಯೂ ದೊರೆಯದ ಪಂದ್ಯಗಳನ್ನು ಬಾಕ್ಸ್ ಸ್ಕೋರ್ ಹಾಗೂ ಪತ್ರಿಕಾ ವರದಿಗಳ ನೆರವಿನಿಂದ ತಾರ್ಕಿಕವಾಗಿ ಪುನಾರಚಿಸುವ ಪ್ರಯತ್ನವನ್ನೂ ಸ್ವಯಂಸೇವಕರು ಮಾಡುತ್ತಾರೆ. ಬೇಸ್‌ಬಾಲ್‌ನ ನಿಯಮಗಳೇ ಇದಕ್ಕೆ ಆಧಾರ.

ಬ್ಯಾಟ್ ಮಾಡಲು ಬಂದ ಪ್ರತಿಯೊಬ್ಬನ ಸರದಿಗೂ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಮೂರರಲ್ಲೊಂದು ಗತಿ: ಅವನು ರನ್ ಗಳಿಸಿರಬೇಕು, ಔಟಾಗಿರಬೇಕು ಅಥವಾ ಬೇಸ್‌ನಲ್ಲಿಯೇ ಉಳಿದಿರಬೇಕು. ಆದ್ದರಿಂದ ರನ್‌ಗಳು, ಔಟ್‌ಗಳು ಮತ್ತು ಬೇಸ್‌ಗಳಲ್ಲಿ ಉಳಿದವರು ಈ ಮೂರರ ಮೊತ್ತವು ಒಟ್ಟು ಬ್ಯಾಟಿಂಗ್ ಸರದಿಗಳಿಗೆ ಸಮನಾಗಿರಲೇಬೇಕು. ಉದಾಹರಣೆಗೆ, ಒಂದು ತಂಡವು 4 ರನ್ ಗಳಿಸಿದ್ದು, 7 ಮಂದಿ ಬೇಸುಗಳಲ್ಲಿ ಉಳಿದಿದ್ದು, ಒಂಬತ್ತು ಇನ್ನಿಂಗ್ಸ್‌ಗಳಲ್ಲಿ 27 ಔಟ್‌ಗಳಾಗಿದ್ದರೆ ಒಟ್ಟು ಸರದಿಗಳು 38. ಒಂಬತ್ತು ಮಂದಿ ನಾಲ್ಕು ಸುತ್ತು ಆಡಿದರೆ 36 ಸರದಿಗಳಾಗುತ್ತವೆ. ಉಳಿದ ಎರಡು ಸರದಿಗಳು ಕ್ರಮದಲ್ಲಿ ಮೊದಲ ಇಬ್ಬರವು. ಅಂದರೆ ಅವರಿಬ್ಬರು ಐದು ಬಾರಿ, ಮಿಕ್ಕವರು ನಾಲ್ಕು ಬಾರಿ ಆಡಿದ್ದಾರೆ. ಪಂದ್ಯದ ಕೊನೆಯ ಬ್ಯಾಟರ್ ಕ್ರಮದಲ್ಲಿ ಎರಡನೆಯವನೆಂಬುದೂ ಇದರಿಂದಲೇ ಗೊತ್ತಾಗುತ್ತದೆ.

ಯಾವ ಇನ್ನಿಂಗ್ಸ್‌ನಲ್ಲಿ ಎಷ್ಟು ರನ್‌ಗಳು ಬಂದವೆಂಬುದು ಬಾಕ್ಸ್ ಸ್ಕೋರ್‌ನಲ್ಲಿ ಇರುತ್ತದೆ. ರನ್ ಬಂದ ಇನ್ನಿಂಗ್ಸ್‌ಗಳನ್ನು ಪತ್ರಿಕಾ ವರದಿಗಳು ಸಾಮಾನ್ಯವಾಗಿ ವಿವರಿಸುತ್ತವೆ. ಯಾರು ಎಷ್ಟು ಕ್ಯಾಚ್ ಹಿಡಿದರು, ಯಾರು ಎಷ್ಟು ಔಟ್‌ಗಳಿಗೆ ಚೆಂಡು ಎಸೆದು ನೆರವಾದರು ಎಂಬ ಫೀಲ್ಡಿಂಗ್ ಲೆಕ್ಕವೂ ಇರುತ್ತದೆ. ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸುತ್ತ ಹೋದರೆ ಪಂದ್ಯದ ಬಹುಭಾಗ ಬಿಡಿಸಿಕೊಳ್ಳುತ್ತದೆ. ಕೆಲವು ಔಟ್‌ಗಳು ಯಾವ ಬಗೆಯವೆಂದು ಮಾತ್ರ ಖಚಿತವಾಗಿ ಹೇಳಲಾಗುವುದಿಲ್ಲ. ಈ ಕಾರಣದಿಂದ ಪುನಾರಚಿತ ಪಂದ್ಯಗಳನ್ನು ಮೂಲ ಸ್ಕೋರ್‌ಶೀಟ್ ಆಧಾರಿತ ಪಂದ್ಯಗಳಿಂದ ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ. ಕಂಡು ಬರೆದ ದಾಖಲೆ ಯಾವುದು, ತರ್ಕದಿಂದ ಪಡೆದದ್ದು ಯಾವುದು ಎಂಬುದು ಬಳಸುವವರಿಗೆ ತಿಳಿದಿರಬೇಕೆಂಬುದು ಇದರ ಉದ್ದೇಶ.

ದಾಖಲೆಗಳ ತಿದ್ದುಪಡಿ

ಅಧಿಕೃತವೆಂದು ಪ್ರಸಿದ್ಧವಾದ ಸಂಖ್ಯೆಗಳೂ ತಪ್ಪಾಗಿರಬಹುದು ಎಂಬುದಕ್ಕೆ ಬೇಸ್‌ಬಾಲ್ ಇತಿಹಾಸದಲ್ಲಿ ಹಲವು ನಿದರ್ಶನಗಳಿವೆ.

ಟೈ ಕಾಬ್, 1910: ಈ ವರ್ಷ ಅಮೆರಿಕನ್ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಗಾಗಿ ಟೈ ಕಾಬ್ ಮತ್ತು ನ್ಯಾಪ್ ಲಾಜೊವೆ ನಡುವೆ ತೀವ್ರ ಪೈಪೋಟಿ ನಡೆಯಿತು. ಗೆದ್ದವರಿಗೆ ಚಾಮರ್ಸ್ ಕಂಪನಿಯ ಮೋಟಾರು ಕಾರು ಬಹುಮಾನವೆಂದು ಘೋಷಿಸಲಾಗಿತ್ತು. ಲೀಗು ಕಾಬ್ ಅವರನ್ನು ವಿಜೇತರೆಂದು ಸಾರಿದರೂ ಕಂಪನಿಯು ಇಬ್ಬರಿಗೂ ಕಾರು ನೀಡಿತು. ಕಾಬ್ ಎರಡು ಹಿಟ್ ಪಡೆದ ಒಂದು ಪಂದ್ಯ ಲೀಗಿನ ದಾಖಲೆಯಲ್ಲಿ ಎರಡು ಬಾರಿ ಸೇರಿಕೊಂಡಿತ್ತೆಂಬುದು ಅಂಕಿಅಂಶ ತಜ್ಞ ಪೀಟ್ ಪಾಮರ್ ಅವರ ಶೋಧದಿಂದ ಬೆಳಕಿಗೆ ಬಂದು, 1981ರಲ್ಲಿ ಪ್ರಕಟವಾಯಿತು. ಅಂದಿನ ಕಮಿಷನರ್ ಬೋವಿ ಕೂನ್ ದಾಖಲೆಯನ್ನು ಬದಲಿಸಲು ಒಪ್ಪಲಿಲ್ಲ. ಕಾಬ್ ಅವರ ಒಟ್ಟು ಹಿಟ್‌ಗಳು 4,191 ಎಂದು ಕೆಲವು ಆಕರಗಳಲ್ಲಿಯೂ 4,189 ಎಂದು ಇನ್ನು ಕೆಲವು ಆಕರಗಳಲ್ಲಿಯೂ ಕಾಣುತ್ತದೆ. ಪೀಟ್ ರೋಸ್ 1985ರ ಸೆಪ್ಟೆಂಬರ್ 11ರಂದು 4,192ನೆಯ ಹಿಟ್ ಪಡೆದಾಗ ಕಾಬ್ ಅವರ ದಾಖಲೆ ಮುರಿಯಿತೆಂದು ಸಂಭ್ರಮಿಸಲಾಯಿತು. ತಿದ್ದಿದ ಲೆಕ್ಕದ ಪ್ರಕಾರ ಅದು ಸೆಪ್ಟೆಂಬರ್ 8ರಂದು ಶಿಕಾಗೊದಲ್ಲಿಯೇ ಮುರಿದಿತ್ತು.

ಹ್ಯಾಕ್ ವಿಲ್ಸನ್, 1930: ಬ್ಯಾಟರ್‌ನ ಆಟದ ಫಲವಾಗಿ ತಂಡಕ್ಕೆ ಬಂದ ರನ್‌ಗಳ ಲೆಕ್ಕವನ್ನು ಆರ್‌ಬಿಐ ಎನ್ನುತ್ತಾರೆ. ಶಿಕಾಗೊ ಕಬ್ಸ್ ತಂಡದ ವಿಲ್ಸನ್ 1930ರಲ್ಲಿ 190 ಆರ್‌ಬಿಐ ಗಳಿಸಿದ್ದು ದಶಕಗಳ ಕಾಲ ದಾಖಲೆಯಾಗಿ ಉಳಿದಿತ್ತು. ಆ ವರ್ಷದ ಜುಲೈ 28ರ ಪಂದ್ಯದಲ್ಲಿ ವಿಲ್ಸನ್‌ಗೆ ಸಲ್ಲಬೇಕಾಗಿದ್ದ ಒಂದು ಆರ್‌ಬಿಐ ಸಹ ಆಟಗಾರ ಚಾರ್ಲಿ ಗ್ರಿಮ್ ಹೆಸರಿಗೆ ಹೋಗಿತ್ತೆಂದು ಸಂಶೋಧಕರು ತೋರಿಸಿಕೊಟ್ಟರು. ಮೇಜರ್ ಲೀಗ್ ಬೇಸ್‌ಬಾಲ್ 1999ರಲ್ಲಿ ಇದನ್ನು ಒಪ್ಪಿ ದಾಖಲೆಯನ್ನು 191 ಎಂದು ತಿದ್ದಿತು. ವಿಲ್ಸನ್ 1948ರಲ್ಲಿಯೇ ನಿಧನರಾಗಿದ್ದರು.

ರೋಜರ್ ಮಾರಿಸ್ ಮತ್ತು ಜಿಮ್ ಜೆಂಟೀಲ್, 1961: ಮಾರಿಸ್ ಒಂದೇ ಋತುವಿನಲ್ಲಿ 61 ಹೋಮ್ ರನ್ ಹೊಡೆದು ಬೇಬ್ ರೂತ್ ಅವರ 60ರ ದಾಖಲೆಯನ್ನು ಮುರಿದ ವರ್ಷವಿದು. ಅಮೆರಿಕನ್ ಲೀಗಿನ ಆರ್‌ಬಿಐ ಪಟ್ಟಿಯಲ್ಲಿಯೂ ಮಾರಿಸ್ 142ರೊಡನೆ ಪ್ರಥಮರು, ಬಾಲ್ಟಿಮೋರ್ ಓರಿಯೋಲ್ಸ್‌ನ ಜೆಂಟೀಲ್ 141ರೊಡನೆ ದ್ವಿತೀಯರು ಎಂದಿತ್ತು. ಜುಲೈ 5ರಂದು ಕ್ಲೀವ್‌ಲ್ಯಾಂಡ್ ವಿರುದ್ಧದ ಪಂದ್ಯದ ವಿವರಗಳನ್ನು ಪರಿಶೀಲಿಸಿದಾಗ, ಫೀಲ್ಡರ್‌ನ ತಪ್ಪಿನಿಂದ ಬಂದ ಒಂದು ರನ್ ಮಾರಿಸ್ ಲೆಕ್ಕಕ್ಕೆ ಸೇರಿರುವುದು ಕಂಡುಬಂತು. ಅದನ್ನು ಕಳೆದಾಗ ಇಬ್ಬರೂ 141ರಲ್ಲಿ ಸಮನಾದರು. ಲೀಗಿನಲ್ಲಿ ಪ್ರಥಮ ಸ್ಥಾನ ಪಡೆದರೆ ಜೆಂಟೀಲ್‌ಗೆ 5,000 ಡಾಲರ್ ಹೆಚ್ಚುವರಿಯಾಗಿ ಸಿಗಬೇಕೆಂಬ ಮಾತು 1961ರಲ್ಲಿ ಆಗಿತ್ತು. ಓರಿಯೋಲ್ಸ್ ತಂಡವು 2010ರಲ್ಲಿ, 49 ವರ್ಷಗಳ ಅನಂತರ, ಆ ಹಣವನ್ನು ಅವರಿಗೆ ಪಾವತಿ ಮಾಡಿತು.

ಇವುಗಳಲ್ಲಿ ಕಾಬ್ ಅವರ ಪ್ರಕರಣ ರೆಟ್ರೋಶೀಟ್‌ಗಿಂತ ಹಿಂದಿನದು. ಆದರೆ ಮೂರರಲ್ಲಿಯೂ ಪರಿಶೀಲನೆಯ ಮಾರ್ಗ ಒಂದೇ: ಒಟ್ಟು ಮೊತ್ತದಿಂದ ಒಂದು ದಿನದ ಪಂದ್ಯಕ್ಕೆ, ಆ ಪಂದ್ಯದಿಂದ ಒಂದು ಘಟನೆಗೆ ಹಿಂದಿರುಗುವುದು. ರೆಟ್ರೋಶೀಟ್ ತನ್ನ ಲೆಕ್ಕಕ್ಕೂ ಅಧಿಕೃತ ಲೆಕ್ಕಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಅದನ್ನು ಮರೆಮಾಡದೆ ಪಟ್ಟಿಮಾಡಿ ಪ್ರಕಟಿಸುತ್ತದೆ. ಅಧಿಕೃತ ದಾಖಲೆಯನ್ನು ಬದಲಿಸುವ ಅಧಿಕಾರ ಅದಕ್ಕಿಲ್ಲ.

ನೀಗ್ರೊ ಲೀಗುಗಳ ದಾಖಲೆಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1947ರವರೆಗೆ ಆಫ್ರಿಕನ್-ಅಮೆರಿಕನ್ ಆಟಗಾರರಿಗೆ ಮೇಜರ್ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಆಡುವುದರೊಂದಿಗೆ ಈ ಬಹಿಷ್ಕಾರ ಮುರಿಯಿತು. ಅಲ್ಲಿಯವರೆಗೆ ಆ ಆಟಗಾರರು ನೀಗ್ರೊ ಲೀಗುಗಳೆಂದು ಕರೆಯಲಾಗುತ್ತಿದ್ದ ಪ್ರತ್ಯೇಕ ಲೀಗುಗಳಲ್ಲಿ ಆಡುತ್ತಿದ್ದರು.

ಈ ಪಂದ್ಯಗಳ ದಾಖಲೆ ಇನ್ನೂ ಹೆಚ್ಚು ಚದುರಿದೆ. ದೊಡ್ಡ ದಿನಪತ್ರಿಕೆಗಳು ಅವುಗಳಿಗೆ ಹೆಚ್ಚಿನ ಜಾಗ ಕೊಡುತ್ತಿರಲಿಲ್ಲ. 'ಪಿಟ್ಸ್‌ಬರ್ಗ್ ಕೊರಿಯರ್', 'ಶಿಕಾಗೊ ಡಿಫೆಂಡರ್' ಮುಂತಾದ ಆಫ್ರಿಕನ್-ಅಮೆರಿಕನ್ ಸಮುದಾಯದ ವಾರಪತ್ರಿಕೆಗಳೇ ಮುಖ್ಯ ಆಧಾರ. ಸ್ವತಂತ್ರ ಸಂಶೋಧಕರು ಇಂತಹ ಪತ್ರಿಕೆಗಳ ಪುಟಗಳಿಂದ ಹಲವು ವರ್ಷಗಳ ಕಾಲ ಬಾಕ್ಸ್ ಸ್ಕೋರ್‌ಗಳನ್ನು ಹೆಕ್ಕಿ ತೆಗೆದರು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರ ನಡುವಿನ ಏಳು ನೀಗ್ರೊ ಲೀಗುಗಳಿಗೆ ಮೇಜರ್ ಲೀಗ್ ಮಾನ್ಯತೆ ನೀಡಿತು. 2024ರಲ್ಲಿ ಆ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದಾಗ ಜಾಶ್ ಗಿಬ್ಸನ್ ಅವರು ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಅವರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. ಬದುಕಿದ್ದಾಗ ಒಂದೇ ಒಂದು ಮೇಜರ್ ಲೀಗ್ ಪಂದ್ಯವನ್ನೂ ಆಡಲು ಅವಕಾಶ ಸಿಗದೆ ಗಿಬ್ಸನ್ 1947ರ ಜನವರಿಯಲ್ಲಿ ನಿಧನರಾದರು. ನೀಗ್ರೊ ಲೀಗುಗಳ ಪಂದ್ಯಗಳನ್ನು ರೆಟ್ರೋಶೀಟ್ ಕೂಡ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ಮುಕ್ತ ಬಳಕೆ ಮತ್ತು ಪ್ರಭಾವ

ರೆಟ್ರೋಶೀಟ್‌ನ ಕಡತಗಳನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ವಾಣಿಜ್ಯ ಉದ್ದೇಶಕ್ಕೂ ಬಳಸಬಹುದು. ಮಾಹಿತಿಯನ್ನು ರೆಟ್ರೋಶೀಟ್‌ನಿಂದ ಉಚಿತವಾಗಿ ಪಡೆಯಲಾಗಿದೆ ಎಂಬ ನಿಗದಿತ ಸೂಚನೆಯನ್ನು ಎದ್ದು ಕಾಣುವಂತೆ ಹಾಕಬೇಕೆಂಬುದೊಂದೇ ಷರತ್ತು.

ಬೇಸ್‌ಬಾಲ್ ರೆಫರೆನ್ಸ್, ಫ್ಯಾನ್‌ಗ್ರಾಫ್ಸ್ ಮುಂತಾದ ಪ್ರಸಿದ್ಧ ಅಂಕಿಅಂಶ ತಾಣಗಳು ಈ ದತ್ತಾಂಶವನ್ನು ಬಳಸುತ್ತವೆ. ಕಡತಗಳನ್ನು ಓದಲು ಹೆನ್ರಿ ಚಾಡ್ವಿಕ್ ಅವರ ಹೆಸರನ್ನೇ ಇಟ್ಟಿರುವ ಮುಕ್ತ ತಂತ್ರಾಂಶವೂ ಇದೆ. ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರವನ್ನು ಕಲಿಸಲು ಈ ಕಡತಗಳು ಉದಾಹರಣೆಯಾಗಿ ಬಳಕೆಯಾಗುತ್ತಿವೆ.

ಆಟದ ಕುರಿತ ನಂಬಿಕೆಗಳನ್ನು ಪರೀಕ್ಷಿಸಲೂ ಇವು ನೆರವಾಗಿವೆ. ಕೊನೆಯ ಇನ್ನಿಂಗ್ಸ್‌ಗೆಂದೇ ಮೀಸಲಾದ 'ಕ್ಲೋಸರ್' ಎಂಬ ಪಿಚರ್ ಇದ್ದರೆ ಗೆಲುವು ಹೆಚ್ಚು ಖಚಿತವೆಂದು ಇತ್ತೀಚಿನ ದಶಕಗಳಲ್ಲಿ ನಂಬಲಾಗಿದೆ. ಎಂಟು ಇನ್ನಿಂಗ್ಸ್ ಮುಗಿದಾಗ ಮುನ್ನಡೆಯಲ್ಲಿದ್ದ ತಂಡಗಳು ಎಷ್ಟು ಬಾರಿ ಗೆದ್ದಿವೆಯೆಂದು ಸ್ಮಿತ್ ಲೆಕ್ಕಹಾಕಿದರು. ಕ್ಲೋಸರ್ ಪದ್ಧತಿ ಇಲ್ಲದಿದ್ದ ಕಾಲದಲ್ಲಿಯೂ ಬಂದ ಮೇಲೆಯೂ ಈ ಪ್ರಮಾಣ ಸುಮಾರು ಶೇ. 95ರ ಆಸುಪಾಸಿನಲ್ಲಿಯೇ ಇದೆಯೆಂಬುದು ಅದರಿಂದ ತಿಳಿಯಿತು. ಹಳೆಯ ಪಂದ್ಯಗಳ ಇನ್ನಿಂಗ್ಸ್‌ವಾರು ವಿವರ ಲಭ್ಯವಿಲ್ಲದಿದ್ದರೆ ಇಂತಹ ಹೋಲಿಕೆ ಸಾಧ್ಯವಿರಲಿಲ್ಲ.

ಮಿತಿಗಳು

ಕಾಲ ಹಿಂದಕ್ಕೆ ಹೋದಂತೆ ವಿವರಗಳು ಕಡಿಮೆಯಾಗುತ್ತವೆ. ಪಂದ್ಯಗಳ ಸಾರಾಂಶ ಪಟ್ಟಿ 1871ರಷ್ಟು ಹಿಂದಕ್ಕೆ ಹೋಗುತ್ತದೆಯಾದರೂ ಎಲ್ಲ ಪಂದ್ಯಗಳಿಗೂ ಘಟನಾವಾರು ದಾಖಲೆ ಇಲ್ಲ. ಎಸೆತವಾರು ವಿವರವು ಹಳೆಯ ಪಂದ್ಯಗಳಲ್ಲಿ ಬಹುಪಾಲು ಇಲ್ಲವೇ ಇಲ್ಲ. ಒಂದೇ ಪಂದ್ಯದ ಎರಡು ಆಕರಗಳು ಒಂದನ್ನೊಂದು ವಿರೋಧಿಸಿದಾಗ ಯಾವುದು ಸರಿಯೆಂಬುದು ಸ್ವಯಂಸೇವಕರ ವಿವೇಚನೆಗೆ ಬಿಟ್ಟದ್ದು. ಆಟಗಾರನೊಬ್ಬನ ಸಂದರ್ಭವಾರು ಅಂಕಿಅಂಶಗಳನ್ನು ನೋಡುವಾಗ, ಅವನ ಎಲ್ಲ ಪಂದ್ಯಗಳ ವಿವರವೂ ಅದರಲ್ಲಿ ಸೇರಿದೆಯೇ ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ. ಹೊಸ ಆಕರಗಳು ದೊರೆತಂತೆ ಕಡತಗಳನ್ನು ಪರಿಷ್ಕರಿಸಿ ಮತ್ತೆ ಬಿಡುಗಡೆ ಮಾಡಲಾಗುತ್ತದೆ. ಆದ್ದರಿಂದ ಹಿಂದಿನ ಆವೃತ್ತಿಯ ಲೆಕ್ಕಕ್ಕೂ ಇಂದಿನ ಲೆಕ್ಕಕ್ಕೂ ಅಲ್ಪ ವ್ಯತ್ಯಾಸ ಇರಬಹುದು.

ಇವನ್ನೂ ನೋಡಿ

ಬೇಸ್‌ಬಾಲ್
ಸೇಬರ್‌ಮೆಟ್ರಿಕ್ಸ್
ಹೆನ್ರಿ ಚಾಡ್ವಿಕ್
ಬಿಲ್ ಜೇಮ್ಸ್
ಜಾಕಿ ರಾಬಿನ್ಸನ್
ಮುಕ್ತ ದತ್ತಾಂಶ